ಕಲ್ಲಿನ ಮೇಲೆ ನಗೆ ಬಿಡಿಸಿದ ಜೋಸೆಫ್ ಕೆಪ್ಲರ್

ನಗೆಪತ್ರಿಕೆ ನಡೆಸುವುದು ನಗೆಯ ಮಾತಲ್ಲ. ಓದುಗನು ಚಿತ್ರ ನೋಡಿ ನಕ್ಕು ಪುಟ ಮಗುಚುತ್ತಾನೆ. ಆದರೆ ಆ ಒಂದು ನಗೆಗೆ ಬೇಕಾದ ಕಾಗದ, ಮಸಿ, ಕೂಲಿ, ಅಂಚೆಯ ಖರ್ಚನ್ನು ಯಾರಾದರೂ ತೆರಲೇಬೇಕು. ತೆರುವವರು ಯಾರು ಎಂಬುದರ ಮೇಲೆಯೇ ಪತ್ರಿಕೆ ಯಾರನ್ನು ನೋಡಿ ನಗಬಹುದು, ಯಾರನ್ನು ನೋಡಿ ಸುಮ್ಮನಿರಬೇಕು ಎಂಬುದೂ ನಿಂತಿದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಈ ಪ್ರಶ್ನೆಯೊಡನೆ ಬಾಳುವೆ ಮಾಡಿದವರಲ್ಲಿ ಜೋಸೆಫ್ ಕೆಪ್ಲರ್ ಮುಖ್ಯನಾದವನು. ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಯೊಹಾನ್ನೆಸ್ ಕೆಪ್ಲರನ ಹೆಸರನ್ನು ನಮ್ಮ ಮಕ್ಕಳು ವಿಜ್ಞಾನದ ಪಾಠದಲ್ಲಿ ಓದಿರುತ್ತಾರೆ. ಆತ ಬೇರೆ, ಈತ ಬೇರೆ. ಈ ಕೆಪ್ಲರ್ ನೋಡಿದ್ದು ಆಕಾಶವನ್ನಲ್ಲ, ಭೂಮಿಯ ಮೇಲಿನ ಮನುಷ್ಯರ ಹುಚ್ಚಾಟವನ್ನು. ಆತನು ಸ್ಥಾಪಿಸಿದ 'ಪಕ್' ಎಂಬ ವಾರಪತ್ರಿಕೆ ಅಮೆರಿಕದ ರಾಜಕಾರಣಿಗಳ ನಿದ್ದೆಗೆಡಿಸಿತು. ಆ ದೇಶದ ಪತ್ರಿಕೆಗಳಿಗೆ ಬಣ್ಣದ ರುಚಿ ಹತ್ತಿಸಿತು.

ಈ ಪತ್ರಿಕೆಯ ಹುಟ್ಟಿನಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಇಂಗ್ಲಿಷಿನ ದೇಶದಲ್ಲಿ ಹೆಸರಾದ ಆ ಪತ್ರಿಕೆ ಮೊದಲು ಹುಟ್ಟಿದ್ದು ಇಂಗ್ಲಿಷಿನಲ್ಲಲ್ಲ, ವಲಸೆ ಬಂದ ಅಲ್ಪಸಂಖ್ಯಾತರ ಮನೆಮಾತಾದ ಜರ್ಮನ್ ಭಾಷೆಯಲ್ಲಿ.

ವಿಯೆನ್ನಾದ ಬಾಲ್ಯ

ಜೋಸೆಫ್ ಕೆಪ್ಲರ್ 1838ನೇ ಫೆಬ್ರವರಿ 1ರಂದು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಜನಿಸಿದನು. ತಂದೆಯದು ಬೇಕರಿಯ ಕಸುಬು. 1848ರಲ್ಲಿ ಯುರೋಪಿನ ಹಲವು ಕಡೆಗಳಲ್ಲಿ ಅರಸರ ವಿರುದ್ಧ ಜನರು ದಂಗೆ ಎದ್ದರು. ವಿಯೆನ್ನಾ ನಗರವೂ ಅದಕ್ಕೆ ಹೊರತಾಗಿರಲಿಲ್ಲ. ದಂಗೆ ಅಡಗಿದ ಬಳಿಕ ಜರ್ಮನ್ ಮಾತಾಡುವ ನಾಡುಗಳಿಂದ ಸಾವಿರಾರು ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಹಾಗೆ ಹೋದವರಲ್ಲಿ ಕೆಪ್ಲರನ ತಂದೆಯೂ ಒಬ್ಬ. ಆತನು ಮಿಸ್ಸೂರಿ ರಾಜ್ಯದ ಜರ್ಮನ್ ನೆಲೆಯೊಂದರಲ್ಲಿ ಬೇರೂರಿದನು.

ಮಗನು ವಿಯೆನ್ನಾದಲ್ಲೇ ಉಳಿದು ಅಲ್ಲಿನ ಲಲಿತಕಲಾ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತನು. ಆದರೆ ಕುಂಚದಿಂದ ಹೊಟ್ಟೆ ತುಂಬಲಿಲ್ಲ. ನಾಟಕ ಕಂಪೆನಿಗಳನ್ನು ಸೇರಿ ಊರಿಂದೂರಿಗೆ ತಿರುಗಿದನು. ಬಣ್ಣ ಬಳಿದುಕೊಂಡು ಹಾಸ್ಯಪಾತ್ರ ವಹಿಸುವುದು, ರಂಗದ ಪರದೆಗಳನ್ನು ಚಿತ್ರಿಸುವುದು, ಬಿಡುವಿದ್ದಾಗ 'ಕಿಕೆರಿಕಿ' ಎಂಬ ವಿಯೆನ್ನಾದ ನಗೆಪತ್ರಿಕೆಗೆ ವ್ಯಂಗ್ಯಚಿತ್ರ ಬರೆದುಕೊಡುವುದು, ಹೀಗೆ ಆತನ ಯೌವನ ಕಳೆಯಿತು. ಕಿಕೆರಿಕಿ ಎಂದರೆ ಹುಂಜದ ಕೂಗು. ನಮ್ಮ ಕೊಕ್ಕೊಕ್ಕೋ ಇದ್ದಂತೆ. ಈ ರಂಗದ ನಂಟು ಆತನನ್ನು ಕೊನೆಯವರೆಗೂ ಬಿಡಲಿಲ್ಲ. ಮುಂದೆ ಆತ ಬರೆದ ಚಿತ್ರಗಳಲ್ಲಿ ಅಮೆರಿಕದ ಅಧ್ಯಕ್ಷರೂ ಸೆನೆಟರುಗಳೂ ವೇಷ ತೊಟ್ಟ ನಟರಂತೆ, ಸರ್ಕಸ್ಸಿನ ಕಸರತ್ತುಗಾರರಂತೆ ಕಾಣಿಸಿಕೊಳ್ಳುವುದನ್ನು ನೋಡಿದರೆ ಚಿತ್ರಕಾರನೊಳಗೆ ನಟನೊಬ್ಬ ಕುಳಿತಿದ್ದನೆಂದು ತಿಳಿಯುತ್ತದೆ.

ಸೈಂಟ್ ಲೂಯಿಯಲ್ಲಿ ಎರಡು ಸೋಲು

1867ರಲ್ಲಿ ಕೆಪ್ಲರ್ ಅಮೆರಿಕಕ್ಕೆ ಬಂದನು. ತಂದೆಯಿದ್ದ ಹಳ್ಳಿಯಲ್ಲಿ ಕಲಾವಿದನಿಗೆ ಕೆಲಸವೆಲ್ಲಿಯದು? ಆತನು ಮಿಸ್ಸಿಸಿಪ್ಪಿ ನದಿಯ ದಂಡೆಯ ಸೈಂಟ್ ಲೂಯಿ ನಗರವನ್ನು ಸೇರಿದನು. ಆ ನಗರದಲ್ಲಿ ಜರ್ಮನರು ಬಹುಸಂಖ್ಯೆಯಲ್ಲಿ ನೆಲೆಸಿದ್ದರು. ಅವರಿಗೆ ತಮ್ಮದೇ ಶಾಲೆಗಳಿದ್ದವು, ಇಗರ್ಜಿಗಳಿದ್ದವು, ನಾಟಕಶಾಲೆಗಳಿದ್ದವು, ದಿನಪತ್ರಿಕೆಗಳಿದ್ದವು. ಮುಂದೆ ಪತ್ರಿಕಾರಂಗದಲ್ಲಿ ಜಗದ್ವಿಖ್ಯಾತನಾದ ಜೋಸೆಫ್ ಪುಲಿಟ್ಝರ್ ಆಗ ಆ ಊರಿನ ಜರ್ಮನ್ ದಿನಪತ್ರಿಕೆಯೊಂದರ ವರದಿಗಾರನಾಗಿದ್ದನು. ಕೆಪ್ಲರ್ ಜರ್ಮನ್ ರಂಗಭೂಮಿಯಲ್ಲಿ ಮತ್ತೆ ಬಣ್ಣ ಹಚ್ಚಿದನು.

1869ರಲ್ಲಿ ಆತ 'ಡಿ ಫೇಮೆ' ಎಂಬ ಜರ್ಮನ್ ನಗೆಪತ್ರಿಕೆಯನ್ನು ಹೊರಡಿಸಿದನು. ಅದು ಒಂದು ವರ್ಷದೊಳಗೆ ಕಣ್ಣುಮುಚ್ಚಿತು. 1871ರಲ್ಲಿ ಇನ್ನೊಂದು ಸಾಹಸಕ್ಕೆ ಕೈಹಾಕಿದನು. ಅದಕ್ಕೆ 'ಪಕ್' ಎಂದು ಹೆಸರಿಟ್ಟನು. ಪಕ್ ಎಂದರೆ ಶೇಕ್ಸ್‌ಪಿಯರನ ನಡುಬೇಸಗೆಯಿರುಳ ಕನಸಿನ ನಾಟಕದಲ್ಲಿ ಬರುವ ತುಂಟ ಯಕ್ಷ. ಮನುಷ್ಯರನ್ನು ಪೇಚಿಗೆ ಸಿಲುಕಿಸಿ ದೂರದಲ್ಲಿ ನಿಂತು ಮೋಜು ನೋಡುವವನು. ಜರ್ಮನ್ ಪತ್ರಿಕೆಯ ಜೊತೆಗೆ ಇಂಗ್ಲಿಷಿನಲ್ಲೂ ಅದನ್ನು ತರಲು ಯತ್ನಿಸಿದನು. ಅದೂ 1872ರಲ್ಲಿ ನಿಂತುಹೋಯಿತು. ಈ ನಡುವೆ ಮೊದಲ ಪತ್ನಿ ತೀರಿಕೊಂಡಿದ್ದಳು, ಆತ ಮರುಮದುವೆಯಾಗಿದ್ದನು. ಎರಡು ಸಲ ಕೈಸುಟ್ಟುಕೊಂಡ ಕೆಪ್ಲರ್ ಗಂಟುಮೂಟೆ ಕಟ್ಟಿಕೊಂಡು ಸಂಸಾರಸಮೇತ ನ್ಯೂಯಾರ್ಕಿಗೆ ಹೊರಟನು. ಕೈಯಲ್ಲಿ ಹಣವಿರಲಿಲ್ಲ. ಪತ್ರಿಕೆಯೊಂದು ಹೇಗೆ ಸಾಯುತ್ತದೆಂಬ ಅನುಭವ ಮಾತ್ರ ಧಾರಾಳವಾಗಿತ್ತು.

ನ್ಯೂಯಾರ್ಕಿನ 'ಪಕ್'

ನ್ಯೂಯಾರ್ಕಿನಲ್ಲಿ ಆಗ ಫ್ರಾಂಕ್ ಲೆಸ್ಲಿ ಎಂಬಾತನ ಸಚಿತ್ರ ಪತ್ರಿಕೆಗಳು ಹೆಸರಾಗಿದ್ದವು. ಕೆಪ್ಲರ್ ಅಲ್ಲಿ ಚಿತ್ರಕಾರನಾಗಿ ದುಡಿದನು. ಎದುರಾಳಿ ಪತ್ರಿಕೆಯಾದ 'ಹಾರ್ಪರ್ಸ್ ವೀಕ್ಲಿ'ಯಲ್ಲಿ ಥಾಮಸ್ ನಾಸ್ಟ್ ಎಂಬ ವ್ಯಂಗ್ಯಚಿತ್ರಕಾರ ಮೆರೆಯುತ್ತಿದ್ದ ಕಾಲವದು. ನಾಸ್ಟನೂ ಜರ್ಮನಿಯಲ್ಲಿ ಹುಟ್ಟಿ, ಬಾಲ್ಯದಲ್ಲಿ ಅಮೆರಿಕಕ್ಕೆ ಬಂದವನೇ. ನ್ಯೂಯಾರ್ಕ್ ನಗರಾಡಳಿತದ ಬೊಕ್ಕಸವನ್ನು ನುಂಗಿದ ಟ್ವೀಡ್ ಎಂಬ ಧುರೀಣನನ್ನು 1871ರಲ್ಲಿ ಚಿತ್ರಗಳಿಂದಲೇ ಬೀಳಿಸಿದ ಕೀರ್ತಿ ಆತನದು.

ಲೆಸ್ಲಿಯ ಕೆಲಸ ಬಿಟ್ಟು, ಅಡಾಲ್ಫ್ ಶ್ವಾರ್ಝ್‌ಮನ್ ಎಂಬ ಮುದ್ರಕನನ್ನು ಪಾಲುದಾರನಾಗಿ ಕೂಡಿಕೊಂಡು ಕೆಪ್ಲರ್ ಮೂರನೆಯ ಬಾರಿ ಅದೃಷ್ಟ ಪರೀಕ್ಷೆಗೆ ಇಳಿದನು. 1876ರ ಸಪ್ಟೆಂಬರಿನಲ್ಲಿ ನ್ಯೂಯಾರ್ಕಿನ 'ಪಕ್' ಜರ್ಮನ್ ಭಾಷೆಯಲ್ಲಿ ಹೊರಬಂತು. ಈ ಸಲ ಒಬ್ಬನದು ಚಿತ್ರದ ಕೈ, ಇನ್ನೊಬ್ಬನದು ಲೆಕ್ಕದ ಕೈ. ಜೋಡಿ ಚೆನ್ನಾಗಿ ಹೊಂದಿಕೊಂಡಿತು.

ಆರು ತಿಂಗಳು ಕಳೆಯುವುದರೊಳಗೆ, 1877ರ ಮಾರ್ಚಿನಲ್ಲಿ, ಇಂಗ್ಲಿಷ್ 'ಪಕ್' ಕೂಡ ಆರಂಭವಾಯಿತು. ಸಿಡ್ನಿ ರೋಸೆನ್‌ಫೆಲ್ಡ್ ಎಂಬ ಯುವ ನಾಟಕಕಾರನು ಅದರ ಮೊದಲ ಸಂಪಾದಕ. ಬೇಗನೆ ಆತನ ಜಾಗಕ್ಕೆ ಹೆನ್ರಿ ಕೈಲರ್ ಬನ್ನರ್ ಎಂಬ ತರುಣ ಕವಿ ಬಂದನು. ಹದಿನಾರು ಪುಟ, ಬೆಲೆ 10 ಸೆಂಟು. ಚಿತ್ರಗಳು ಎರಡಕ್ಕೂ ಒಂದೇ, ಬರೆಹ ಮಾತ್ರ ಬೇರೆ ಬೇರೆ. ಆದರೆ ಮೊದಲ ಕೆಲವು ವರ್ಷ ಇಂಗ್ಲಿಷ್ ಪತ್ರಿಕೆ ನಷ್ಟದಲ್ಲೇ ತೆವಳಿತು. ಅದನ್ನು ನಿಲ್ಲಿಸದೆ ಸಾಕಿದ್ದು ಜರ್ಮನ್ ಪತ್ರಿಕೆಯ ಲಾಭ. ಬಿಯರ್ ಅಂಗಡಿಯಲ್ಲಿ, ಸಂಗೀತ ಸಂಘದಲ್ಲಿ, ದರ್ಜಿಯ ಕೊಠಡಿಯಲ್ಲಿ ಕುಳಿತು ತಮ್ಮ ಭಾಷೆಯ ಪತ್ರಿಕೆಗೆ ಹತ್ತು ಹತ್ತು ಸೆಂಟು ಕೊಟ್ಟ ಜರ್ಮನ್ ವಲಸಿಗರು, ಇಡೀ ಅಮೆರಿಕವೇ ಓದಿ ನಗಲಿದ್ದ ಇಂಗ್ಲಿಷ್ ಪತ್ರಿಕೆಗೂ ತಾವೇ ಹಾಲೆರೆದರು. ಸಣ್ಣ ಭಾಷೆಯ ಬೆನ್ನೇರಿ ದೊಡ್ಡ ಭಾಷೆಯ ಪತ್ರಿಕೆ ಹೊಳೆ ದಾಟಿದ ಅಪರೂಪದ ಪ್ರಸಂಗವಿದು. 1880ರ ದಶಕದ ಆರಂಭದಲ್ಲಿ ಇಂಗ್ಲಿಷ್ 'ಪಕ್'ನ ಪ್ರಸಾರ ಸುಮಾರು 80,000ಕ್ಕೆ ಏರಿತು.

ಕಲ್ಲಚ್ಚಿನ ಬಣ್ಣ

ಈ ಯಶಸ್ಸಿನ ಹಿಂದೆ ಹಾಸ್ಯದಷ್ಟೇ ಕಲ್ಲಿನ ಪಾತ್ರವೂ ಇತ್ತು. ನಾಸ್ಟನ ಚಿತ್ರಗಳು ಮರದ ಅಚ್ಚಿನಲ್ಲಿ ಮುದ್ರಣವಾಗುತ್ತಿದ್ದವು. ಚಿತ್ರಕಾರನು ಮರದ ತುಂಡಿನ ಮೇಲೆ ಬರೆದ ಗೆರೆಗಳನ್ನು ಉಳಿಸಿಕೊಂಡು ಕೆತ್ತನೆಗಾರನು ಉಳಿದ ಭಾಗವನ್ನು ಉಳಿಯಿಂದ ತೆಗೆಯಬೇಕಿತ್ತು. ಚಿತ್ರಕಾರನ ಕೈಗೂ ಕಾಗದಕ್ಕೂ ನಡುವೆ ಇನ್ನೊಬ್ಬನ ಕೈ. ಬಣ್ಣವಂತೂ ಇಲ್ಲ. ಕೆಪ್ಲರ್ ಕಲ್ಲಚ್ಚನ್ನು ಆರಿಸಿಕೊಂಡನು. ನುಣುಪಾಗಿಸಿದ ಸುಣ್ಣಗಲ್ಲಿನ ಹಾಸಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುವುದು. ಕಲ್ಲನ್ನು ನೀರಿನಿಂದ ತೋಯಿಸುವುದು. ಆಮೇಲೆ ಮಸಿಯ ಉರುಳೆ ಹಾಯಿಸುವುದು. ನೀರಿದ್ದಲ್ಲಿ ಎಣ್ಣೆಮಸಿ ಹಿಡಿಯದು, ಜಿಡ್ಡಿದ್ದಲ್ಲಿ ಮಾತ್ರ ಹಿಡಿಯುತ್ತದೆ. ಕಾಗದವನ್ನು ಒತ್ತಿದರೆ ಚಿತ್ರಕಾರನ ಕೈಯ ಗೆರೆಯೇ ಮೂಡಿಬರುತ್ತದೆ.

ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇದನ್ನು ಕಂಡುಹಿಡಿದವನು ಜರ್ಮನಿಯ ಬವೇರಿಯಾ ಪ್ರಾಂತದ ಅಲೋಯಿಸ್ ಸೆನೆಫೆಲ್ಡರ್. ಕಲ್ಲಚ್ಚು ಎಂಬ ಮಾತು ನಮ್ಮ ಈ ಭಾಗದ ಓದುಗರಿಗೆ ಹೊಸತೇನಲ್ಲ. 1843ರಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಿಂದ ಹೊರತಂದ ಕನ್ನಡದ ಮೊದಲ ವೃತ್ತಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚಾದುದು ಇದೇ ವಿಧಾನದಲ್ಲಿ. ಜರ್ಮನರು ಹೋದಲ್ಲೆಲ್ಲ ಈ ವಿದ್ಯೆಯನ್ನೂ ಒಯ್ದರು. ಮಂಗಳೂರಿನಲ್ಲಿ ಅದು ಕನ್ನಡ ಅಕ್ಷರಗಳನ್ನು ಒತ್ತಿತು, ನ್ಯೂಯಾರ್ಕಿನಲ್ಲಿ ವ್ಯಂಗ್ಯಚಿತ್ರಗಳನ್ನು ಒತ್ತಿತು.

ಬಣ್ಣದ ಚಿತ್ರವೆಂದರೆ ಕಷ್ಟ ಇಮ್ಮಡಿಯಲ್ಲ, ನಾಲ್ಮಡಿ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕೂದಲೆಳೆಯಷ್ಟು ಜರುಗಿದರೂ ಮೂಗಿನ ಕೆಂಪು ಕೆನ್ನೆಗೆ ಹೋಗಿ ಕೂರುತ್ತದೆ. ಚಿತ್ರವನ್ನೂ ಅದರೊಳಗಿನ ಅಕ್ಷರಗಳನ್ನೂ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಬರೆಯಬೇಕು. ಇಷ್ಟೆಲ್ಲ ವಾರ ವಾರವೂ ತಪ್ಪದೆ ಆಗಬೇಕು. ಮುಖಪುಟ, ನಡುವಿನ ಜೋಡಿಪುಟ, ಹಿಂಬದಿಯ ಪುಟ, ಹೀಗೆ ಸಂಚಿಕೆಗೆ ಮೂರು ದೊಡ್ಡ ಚಿತ್ರಗಳು. ಮೊದಲು ಕಪ್ಪು ಬಿಳುಪಿನಲ್ಲಿದ್ದ ಅವು ಬರಬರುತ್ತ ತೆಳುಬಣ್ಣ ಪಡೆದು, 1880ರ ಹೊತ್ತಿಗೆ ಪೂರ್ಣ ಬಣ್ಣದಲ್ಲಿ ಕಂಗೊಳಿಸಿದವು. ರಸ್ತೆಬದಿಯ ಪತ್ರಿಕೆಯಂಗಡಿಯಲ್ಲಿ ಕರಿಬಿಳಿ ಹಾಳೆಗಳ ನಡುವೆ 'ಪಕ್' ಮಾತ್ರ ನವಿಲಿನಂತೆ ನಿಂತಿತು. ಓದು ಬಾರದವನೂ ಅದರತ್ತ ತಿರುಗಿ ನೋಡುವಂತಾಯಿತು.

ಹಿಂದಿನ ಪುಟಗಳ ವ್ಯಾಪಾರ

ಆ ಕಾಲದ ಅಮೆರಿಕದಲ್ಲಿ ಜಾಹೀರಾತೆಂಬುದು ಲಂಗುಲಗಾಮಿಲ್ಲದ ಕುದುರೆ. ರೈಲುಮಾರ್ಗ ದೇಶದುದ್ದಕ್ಕೂ ಹಬ್ಬಿತ್ತು. ಒಂದೂರಿನ ಸೋಪು ಸಾವಿರ ಮೈಲಿಯಾಚೆ ಮಾರಾಟವಾಗಬಹುದಿತ್ತು. ಆದರೆ ಅದರ ಹೆಸರು ಮೊದಲು ಅಲ್ಲಿಗೆ ತಲುಪಬೇಕಿತ್ತು. ಬಂಡೆಗಳ ಮೇಲೆ, ಕೊಟ್ಟಿಗೆಗಳ ಗೋಡೆಯ ಮೇಲೆ ಔಷಧಿಗಳ ಹೆಸರು ಬರೆಸಲಾಗುತ್ತಿತ್ತು. ಲಿಡಿಯಾ ಪಿಂಕ್‌ಹ್ಯಾಮ್ ಎಂಬ ಗೃಹಿಣಿಯ ಹೆಸರಿನ ಹೆಂಗಸರ ಕಷಾಯವು ಆಕೆಯ ಮುಖಚಿತ್ರದೊಡನೆ ಪತ್ರಿಕೆ ಪತ್ರಿಕೆಗಳಲ್ಲಿ ಮಿಂಚಿತು. ಅದರಲ್ಲಿ ಮದ್ಯಸಾರ ಬೇಕಾದಷ್ಟಿತ್ತು. ಸಾಪೋಲಿಯೋ ಎಂಬ ಪಾತ್ರೆ ತಿಕ್ಕುವ ಸೋಪಿನ ಕಂಪೆನಿಯು ಬ್ರೆಟ್ ಹಾರ್ಟ್‌ನಂಥ ಹೆಸರಾಂತ ಲೇಖಕನಿಂದ ಅಣಕುಪದ್ಯ ಬರೆಯಿಸಿಕೊಂಡಿತು. ಜನ ಜಾಹೀರಾತನ್ನು ಹಾರಿಸಿ ಓದುತ್ತಾರೆ, ನಗೆಯನ್ನು ಹಾರಿಸುವುದಿಲ್ಲ ಎಂಬ ಗುಟ್ಟು ವ್ಯಾಪಾರಿಗಳಿಗೆ ತಿಳಿದಿತ್ತು. ಸುದ್ದಿಯ ಅಥವಾ ನಗೆಹನಿಯ ವೇಷ ತೊಡಿಸಿದ ಜಾಹೀರಾತುಗಳನ್ನು ಹಣ ಕೊಟ್ಟು ಪತ್ರಿಕೆಗಳೊಳಗೆ ತೂರಿಸುವುದು ಸಾಮಾನ್ಯವಾಗಿತ್ತು. ಅಂಥವುಗಳ ಮೇಲೆ ಜಾಹೀರಾತು ಎಂದು ಸ್ಪಷ್ಟವಾಗಿ ನಮೂದಿಸಬೇಕೆಂಬ ಕಾನೂನು ಬಂದದ್ದು 1912ರಲ್ಲಿ.

ಗಂಭೀರ ಮಾಸಪತ್ರಿಕೆಗಳು ಬಹುಕಾಲ ಜಾಹೀರಾತನ್ನು ಮಡಿಯಿಂದ ದೂರವಿರಿಸಿದವು. ಹಾರ್ಪರ್ ಸಹೋದರರ ಮಾಸಿಕವು ಬಹಳ ವರ್ಷ ತನ್ನ ಪ್ರಕಾಶನದ ಪುಸ್ತಕಗಳ ಹೊರತು ಬೇರೆ ಜಾಹೀರಾತನ್ನು ಸೇರಿಸಲಿಲ್ಲ. 'ಪಕ್'ಗೆ ಅಂಥ ಮಡಿ ಇರಲಿಲ್ಲ. ಅದರ ಹಿಂದಿನ ಪುಟಗಳಲ್ಲಿ ಸರಕಿನ ಜಾಹೀರಾತುಗಳು ಚಿತ್ರಸಹಿತ ಜಾಗ ಪಡೆದವು. ಚಿತ್ರವಿರುವ ಜಾಹೀರಾತಿಗೆ ಬಾಗಿಲು ತೆರೆದ ಮೊದಲಿಗರಲ್ಲಿ 'ಪಕ್' ಒಂದು. ಅಷ್ಟೇ ಅಲ್ಲ, 'ಪಕ್'ನ ಚಿತ್ರಗಳನ್ನು ಕಲ್ಲಿನಿಂದ ಒತ್ತುತ್ತಿದ್ದ ಓಟ್‌ಮನ್ ಅವರ ಮುದ್ರಣಾಲಯವೇ ಅಂಗಡಿಗಳಲ್ಲಿ ಪುಕ್ಕಟೆ ಹಂಚುವ ಬಣ್ಣದ ಜಾಹೀರಾತು ಚೀಟಿಗಳನ್ನೂ ಒತ್ತುತ್ತಿತ್ತು. ಅಂದರೆ ರಾಜಕಾರಣಿಯನ್ನು ಗೇಲಿ ಮಾಡುವ ಚಿತ್ರವೂ ಸರಕಿನ ಗುಣಗಾನ ಮಾಡುವ ಚೀಟಿಯೂ ಒಂದೇ ಛಾವಣಿಯಡಿ ಹುಟ್ಟಿದ ಒಡಹುಟ್ಟುಗಳು.

ಹಾಗೆಂದು 'ಪಕ್' ಜಾಹೀರಾತುದಾರರನ್ನು ಗೇಲಿ ಮಾಡದೆ ಬಿಡಲಿಲ್ಲ. 1885ರಲ್ಲಿ ಇಡೀ ದೇಶ ಸ್ವಾತಂತ್ರ್ಯದೇವಿಯ ಪ್ರತಿಮೆಯ ಚಿಂತೆಯಲ್ಲಿತ್ತು. ಫ್ರಾನ್ಸಿನವರು ಪ್ರತಿಮೆಯನ್ನು ಉಡುಗೊರೆಯಾಗಿ ಕೊಟ್ಟಿದ್ದರು. ಅದನ್ನು ನಿಲ್ಲಿಸುವ ಪೀಠಕ್ಕೆ ಅಮೆರಿಕದವರಲ್ಲಿ ಹಣ ಕೂಡಿರಲಿಲ್ಲ. ಪೀಠದ ಮೇಲೆ ತಮ್ಮ ಹೆಸರು ಬರೆಸಿದರೆ 25,000 ಡಾಲರು ಕೊಡುವುದಾಗಿ ಕ್ಯಾಸ್ಟೋರಿಯಾ ಎಂಬ ಮಕ್ಕಳ ಔಷಧಿಯ ಕಂಪೆನಿ ಮುಂದೆ ಬಂದಿತ್ತು. ಆಗ 'ಪಕ್'ನ ಚಿತ್ರಕಾರ ಫ್ರೆಡರಿಕ್ ಓಪರ್ ಒಂದು ಚಿತ್ರ ಬರೆದನು. ಜಾಹೀರಾತಿನ ಏಜೆಂಟರ ಕೈಗೆ ಕೆಲಸ ಒಪ್ಪಿಸಿದರೆ ಹಣ ಕ್ಷಣದಲ್ಲಿ ಕೂಡೀತೆಂಬುದು ಅದರ ಭಾವ. ದೇವಿಯ ಪ್ರತಿಮೆಯ ತುಂಬ ಜಾಹೀರಾತು ಫಲಕಗಳು! ಕೊನೆಗೆ ಹಣ ಕೂಡಿಸಿದವನು ಸೈಂಟ್ ಲೂಯಿಯಿಂದ ನ್ಯೂಯಾರ್ಕಿಗೆ ಬಂದಿದ್ದ ಅದೇ ಪುಲಿಟ್ಝರ್. ತನ್ನ 'ವರ್ಲ್ಡ್' ಪತ್ರಿಕೆಯಲ್ಲಿ ದಾನ ಕೊಟ್ಟವರೆಲ್ಲರ ಹೆಸರು ಅಚ್ಚು ಹಾಕುವುದಾಗಿ ಸಾರಿದನು. 1,20,000ಕ್ಕೂ ಹೆಚ್ಚು ಜನ ಬಿಡಿಗಾಸು ಕೂಡಿಸಿ ಒಂದು ಲಕ್ಷ ಡಾಲರು ಮಾಡಿಕೊಟ್ಟರು. ಕಂಪೆನಿಯ ಹೆಸರಿಲ್ಲದ ಪೀಠದ ಮೇಲೆ 1886ರಲ್ಲಿ ಪ್ರತಿಮೆ ನಿಂತಿತು.

'ಪಕ್' ಹೀಗೆ ಜಾಹೀರಾತು ಹಾಕಿಸಿಕೊಂಡೂ ಜಾಹೀರಾತನ್ನು ನೋಡಿ ನಗಲು ಸಾಧ್ಯವಾದುದು ಹೇಗೆ? ಓದುಗನು ಕೊಡುತ್ತಿದ್ದ ಹತ್ತು ಸೆಂಟು ಅದರ ಬೆನ್ನೆಲುಬಾಗಿತ್ತು. ಜಾಹೀರಾತಿನ ಹಣ ಊಟಕ್ಕೆ ಉಪ್ಪಿನಕಾಯಿಯಂತಿತ್ತು, ಅದೇ ಅನ್ನವಾಗಿರಲಿಲ್ಲ.

ಮೈತುಂಬ ಹಚ್ಚೆ

'ಪಕ್' ಯಾವ ಪಕ್ಷದ ತಾಬೇದಾರನಾಗಿಯೂ ಹುಟ್ಟಲಿಲ್ಲ, ಡೆಮಾಕ್ರಟಿಕ್ ಪಕ್ಷದತ್ತ ಅದರ ಒಲವು ಕಾಣುತ್ತಿತ್ತು. 1880ರಲ್ಲಿ ಮಾಜಿ ಅಧ್ಯಕ್ಷ ಗ್ರಾಂಟ್ ಮೂರನೆಯ ಬಾರಿ ಅಧ್ಯಕ್ಷನಾಗುವ ಸನ್ನಾಹ ನಡೆಯಿತು. ಕೆಪ್ಲರ್ ಆತನನ್ನು ಸರ್ಕಸ್ಸಿನ ಜೋಕಾಲಿಗೆ ನೇತುಬಿದ್ದ ಕಸರತ್ತುಗಾರನಂತೆ ಚಿತ್ರಿಸಿದನು. ಭ್ರಷ್ಟರಾದ ಹಿಂಬಾಲಕರನ್ನೆಲ್ಲ ಬಾಯಿಯಿಂದ ಕಚ್ಚಿ ಹಿಡಿದು ತೂಗಾಡುವ ಅಧ್ಯಕ್ಷ! ಹಳೆಯ ನಟನ ರಂಗಪ್ರಜ್ಞೆ ಇಲ್ಲಿ ಕೆಲಸ ಮಾಡಿತ್ತು. ಗ್ರಾಂಟನಿಗೆ ಉಮೇದುವಾರಿಕೆ ಸಿಗಲಿಲ್ಲ.

1884ರ ಅಧ್ಯಕ್ಷ ಚುನಾವಣೆ 'ಪಕ್'ನ ಪಾಲಿಗೆ ಮಹಾಯುದ್ಧ. ರಿಪಬ್ಲಿಕನ್ ಉಮೇದುವಾರ ಜೇಮ್ಸ್ ಬ್ಲೇನ್ ರೈಲ್ವೆ ಕಂಪೆನಿಗಳ ಸಾಲಪತ್ರಗಳ ವ್ಯವಹಾರದಲ್ಲಿ ಕೈ ಕೊಳೆ ಮಾಡಿಕೊಂಡಿದ್ದನೆಂಬ ಆರೋಪವಿತ್ತು. ಜೂನ್ 4ರ ಸಂಚಿಕೆಯಲ್ಲಿ ಬರ್ನ್‌ಹಾರ್ಡ್ ಗಿಲಾಮ್ ಎಂಬ ಚಿತ್ರಕಾರನು, ಗ್ರೀಸಿನ ಸುಂದರಿ ಫ್ರಿನೆಯನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದ ಪ್ರಸಿದ್ಧ ವರ್ಣಚಿತ್ರವನ್ನು ಅಣಕಿಸಿ, ಬ್ಲೇನನನ್ನು ಪಕ್ಷದ ಧುರೀಣರ ಮುಂದೆ ಬಟ್ಟೆ ಬಿಚ್ಚಿ ನಿಲ್ಲಿಸಿದನು. ಮೈತುಂಬ ಹಚ್ಚೆ, ಒಂದೊಂದು ಹಚ್ಚೆಯೂ ಒಂದೊಂದು ಹಗರಣದ ಹೆಸರು. ಆ ಕಾಲದ ಮೋಜಿನ ಪ್ರದರ್ಶನಗಳಲ್ಲಿ ಹಚ್ಚೆ ಹಾಕಿಸಿಕೊಂಡವರನ್ನು ಟಿಕೇಟು ಮಾರಿ ತೋರಿಸುವ ಪದ್ಧತಿಯಿತ್ತು. ಆದ್ದರಿಂದ ಚಿತ್ರದ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಚುನಾವಣೆ ಮುಗಿಯುವವರೆಗೂ ವಾರ ವಾರ ಹಚ್ಚೆಯ ಮನುಷ್ಯ ಬಂದೇ ಬಂದನು. ಕೊನೆಗೆ ಗೆಲುವು ಸೋಲು ನ್ಯೂಯಾರ್ಕ್ ರಾಜ್ಯವೊಂದರ ಮೇಲೆ ನಿಂತಿತು. ಅಲ್ಲಿ ಬ್ಲೇನ್ ಸಾವಿರ ಚಿಲ್ಲರೆ ಮತಗಳಿಂದ ಸೋತನು. ಗ್ರೋವರ್ ಕ್ಲೀವ್‌ಲ್ಯಾಂಡ್ ಅಧ್ಯಕ್ಷನಾದನು. ಇಷ್ಟು ಕಡಿಮೆ ಅಂತರದ ಸೋಲಿಗೆ ಕಾರಣಗಳು ಹಲವಿದ್ದರೂ ಅದರಲ್ಲಿ 'ಪಕ್'ನ ಪಾಲಿಲ್ಲವೆಂದು ಯಾರೂ ಹೇಳಲಾರರು.

ಇದರ ಇನ್ನೊಂದು ಪರಿಣಾಮವೂ ಗಮನಾರ್ಹ. 'ಪಕ್'ನಿಂದ ಸಿಡಿದುಹೋದ ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ 1881ರಲ್ಲಿ 'ಜಡ್ಜ್' ಎಂಬ ಎದುರಾಳಿ ಪತ್ರಿಕೆಯನ್ನು ತೆಗೆದಿದ್ದನು. ಚುನಾವಣೆಯಲ್ಲಿ ಪೆಟ್ಟು ತಿಂದ ರಿಪಬ್ಲಿಕನ್ ಪಕ್ಷದವರು ಆಮೇಲೆ ಆ 'ಜಡ್ಜ್' ಪತ್ರಿಕೆಯ ಬೆನ್ನಿಗೆ ನಿಂತರು. ಹಚ್ಚೆಯ ಚಿತ್ರ ಬರೆದ ಗಿಲಾಮನನ್ನೇ ಅದು ಸೆಳೆದುಕೊಂಡಿತು. ನಗೆಗೂ ಪಕ್ಷದ ಥೈಲಿ ಒದಗಿದ ಕಾಲ ಆರಂಭವಾಯಿತು.

'ಪಕ್' ಮಾತ್ರ ಧನಿಕರನ್ನು ಮುಲಾಜಿಲ್ಲದೆ ಎದುರಿಸಿತು. 1889ರ ಜನವರಿ 23ರ ಸಂಚಿಕೆಯಲ್ಲಿ ಕೆಪ್ಲರ್ ಬರೆದ ಸೆನೆಟಿನ ಧಣಿಗಳ ಚಿತ್ರ ಇಂದಿಗೂ ಅಮೆರಿಕದ ಶಾಲಾಪುಸ್ತಕಗಳಲ್ಲಿ ಕಾಣಸಿಗುತ್ತದೆ. ಸೆನೆಟಿನ ಸಭಾಂಗಣ, ಪುಟ್ಟ ಪುಟ್ಟ ಸೆನೆಟರುಗಳು ಮೇಜಿನ ಮುಂದೆ ಕುಳಿತಿದ್ದಾರೆ. ಅವರ ಹಿಂದೆ ಉಕ್ಕು, ಎಣ್ಣೆ, ಸಕ್ಕರೆ ಮೊದಲಾದ ಏಕಸ್ವಾಮ್ಯ ಕಂಪೆನಿಗಳು ಹಣದ ಚೀಲದಂಥ ಹೊಟ್ಟೆ ಹೊತ್ತು ರಾಕ್ಷಸರಂತೆ ಸಾಲುಗಟ್ಟಿ ನಿಂತಿವೆ. ಧಣಿಗಳ ಬಾಗಿಲು ಅಗಲವಾಗಿ ತೆರೆದಿದೆ. ಜನಸಾಮಾನ್ಯರ ಬಾಗಿಲಿಗೆ ಅಗಣಿ ಜಡಿದಿದೆ. ಏಕಸ್ವಾಮ್ಯಗಳನ್ನು ತಡೆಯುವ ಶರ್ಮನ್ ಶಾಸನ ಮರುವರ್ಷ ಅಂಗೀಕಾರವಾಯಿತು. ಸೆನೆಟರುಗಳನ್ನು ಜನರೇ ನೇರವಾಗಿ ಆರಿಸುವ ತಿದ್ದುಪಡಿ 1913ರಲ್ಲಿ ಬಂತು.

ಚಿತ್ರಕಾರನ ಕಪ್ಪುಚುಕ್ಕೆ

ಆದರೆ ಕೆಪ್ಲರನ ಕಡ್ಡಿಯಿಂದ ಮೂಡಿದ್ದೆಲ್ಲ ಮೆಚ್ಚತಕ್ಕದ್ದಲ್ಲ. ಐರಿಶ್ ವಲಸಿಗರನ್ನು ಆತನೂ ಆತನ ಸಂಗಡಿಗರೂ ಕಪಿಮುಖದ ಜಗಳಗಂಟರಂತೆ ಚಿತ್ರಿಸಿದರು. ಕ್ಯಾಥೊಲಿಕ್ ಧರ್ಮಗುರುಗಳ ಮೇಲೆ, ಚೀನೀಯರ ಮೇಲೆ ಹರಿಹಾಯ್ದರು. 1882ರಲ್ಲಿ ಆತ ಬರೆದ ವಸತಿಗೃಹದ ಚಿತ್ರದಲ್ಲಿ ಎಲ್ಲ ದೇಶದವರೂ ತಮ್ಮ ತಮ್ಮ ಮಂಚದಲ್ಲಿ ತೆಪ್ಪಗಿದ್ದರೆ ಐರಿಶನೊಬ್ಬನೇ ರಂಪ ಮಾಡುತ್ತಾನೆ. ತಾನೇ ವಲಸಿಗನಾಗಿ, ತನ್ನ ಜನರ ಮನೆಮಾತಿನ ಬಲದಿಂದ ಮೇಲೆ ಬಂದವನು ಇನ್ನೊಂದು ವಲಸಿಗ ಸಮುದಾಯವನ್ನು ಹೀಗೆ ಹಳಿದುದು ದುಃಖದ ಸಂಗತಿ. ನಗೆಗಾರನಿಗೂ ತನ್ನ ಬೆನ್ನು ಕಾಣುವುದಿಲ್ಲ.

ಆದರೂ ಆತನ ಕೈಯಿಂದಲೇ ಬಂದ ಬೇರೆ ಎರಡು ಚಿತ್ರಗಳನ್ನು ಇಲ್ಲಿ ನೆನೆಯಬೇಕು. 1880ರ ಚಿತ್ರವೊಂದರಲ್ಲಿ ಅಂಕಲ್ ಸ್ಯಾಮನು ನೋವನಂತೆ ನಾವೆಯ ಬಾಗಿಲಲ್ಲಿ ನಿಂತು, ಯುದ್ಧದ ಕಾರ್ಮೋಡದಿಂದ ತಪ್ಪಿಸಿಕೊಂಡು ಜೋಡಿ ಜೋಡಿಯಾಗಿ ಬರುವ ವಲಸಿಗರನ್ನು ಸ್ವಾಗತಿಸುತ್ತಾನೆ. 1893ರ ಜನವರಿಯಲ್ಲಿ ಬಂದ ಇನ್ನೊಂದು ಚಿತ್ರ ಬಹುಶಃ ಆತನ ಬಾಳಿನ ಶ್ರೇಷ್ಠ ಚಿತ್ರ. ಗಂಟು ಹೊತ್ತ ಬಡವನೊಬ್ಬ ಹಡಗಿನಿಂದ ಇಳಿಯುತ್ತಿದ್ದಾನೆ. ದಡದಲ್ಲಿ ಐವರು ಸಿರಿವಂತರು ಕೈಯೆತ್ತಿ ಬರಬೇಡವೆಂದು ತಡೆಯುತ್ತಿದ್ದಾರೆ. ಅವರ ಹಿಂದೆ ಗೋಡೆಯ ಮೇಲೆ ಬಿದ್ದ ನೆರಳುಗಳನ್ನು ನೋಡಬೇಕು. ಅವು ಸಿರಿವಂತರ ನೆರಳುಗಳಲ್ಲ. ಹರಕು ಬಟ್ಟೆಯ, ಗಂಟುಮೂಟೆಯ ಬಡ ವಲಸಿಗರ ನೆರಳುಗಳು. ತಡೆಯುವವರೂ ಒಂದು ಕಾಲಕ್ಕೆ, ಅಥವಾ ಅವರ ಅಪ್ಪಂದಿರು, ಹಾಗೆಯೇ ಬಂದಿಳಿದವರು. ಈ ಚಿತ್ರಕ್ಕೆ ಜರ್ಮನಿನಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ವಿವರಣೆ ಬೇಕಿರಲಿಲ್ಲ.

ಕೊನೆಯ ದಿನಗಳು

1880ರ ದಶಕದ ನಡುವೆ ನ್ಯೂಯಾರ್ಕಿನ ಹೂಸ್ಟನ್ ರಸ್ತೆಯ ಮೂಲೆಯಲ್ಲಿ ಕೆಂಪು ಇಟ್ಟಿಗೆಯ ಭವ್ಯ 'ಪಕ್' ಕಟ್ಟಡ ತಲೆಯೆತ್ತಿತು. ಅದರ ಮೂಲೆಯಲ್ಲಿ ಟೊಪ್ಪಿ ತೊಟ್ಟು ಕನ್ನಡಿ ಹಿಡಿದ ತುಂಟ ಯಕ್ಷನ ಹೊಂಬಣ್ಣದ ಪ್ರತಿಮೆ. ಪತ್ರಿಕೆಯ ಕಚೇರಿಯೂ ಕಲ್ಲಚ್ಚಿನ ಮುದ್ರಣಾಲಯವೂ ಒಂದೇ ಕಡೆ ಕೂಡಿದವು. ಎರಡು ಸಲ ದಿವಾಳಿಯಾದ ಅಲೆಮಾರಿ ನಟನ ಪಾಲಿಗೆ ಇದು ಸಣ್ಣ ಗೆಲುವಲ್ಲ.

1893ರಲ್ಲಿ ಶಿಕಾಗೋದಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆಯಿತು. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ಇದರ ಅಂಗವಾಗಿಯೇ ಜರಗಿತ್ತು. ಈ ಪ್ರದರ್ಶನದ ಬಯಲಿನಲ್ಲಿ 'ಪಕ್' ತನ್ನದೇ ಒಂದು ಕಟ್ಟಡ ಕಟ್ಟಿಸಿ, ಅಚ್ಚಿನ ಯಂತ್ರಗಳನ್ನು ಹೂಡಿ, ಜನರ ಕಣ್ಣೆದುರೇ ವಿಶೇಷ ವಾರಪತ್ರಿಕೆಯನ್ನು ಅಚ್ಚು ಹಾಕಿ ಹಂಚಿತು. ನಗೆಪತ್ರಿಕೆಯು ತಾನೇ ಒಂದು ಪ್ರದರ್ಶನವಾಗಿ, ತನ್ನದೇ ಜಾಹೀರಾತಾಗಿ ನಿಂತಿತು. ಕೆಪ್ಲರ್ ತಿಂಗಳುಗಟ್ಟಲೆ ಅಲ್ಲಿ ಹಗಲಿರುಳು ದುಡಿದನು. ಆ ದುಡಿಮೆ ಆತನ ದೇಹವನ್ನು ಕುಗ್ಗಿಸಿತು. ನ್ಯೂಯಾರ್ಕಿಗೆ ಮರಳಿದವನು ಚೇತರಿಸಿಕೊಳ್ಳಲಿಲ್ಲ. 1894ನೇ ಫೆಬ್ರವರಿ 19ರಂದು ತನ್ನ 56ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಆತ ಹಾಸಿಗೆ ಹಿಡಿಯುವ ಹೊತ್ತಿಗೆ ಅಮೆರಿಕದ ಪತ್ರಿಕೆಗಳ ಲೆಕ್ಕವೇ ತಲೆಕೆಳಗಾಗಿತ್ತು. 1893ರ ಅಕ್ಟೋಬರಿನಲ್ಲಿ ಫ್ರಾಂಕ್ ಮುನ್ಸಿ ಎಂಬಾತ ತನ್ನ ಮಾಸಪತ್ರಿಕೆಯ ಬೆಲೆಯನ್ನು 25 ಸೆಂಟಿನಿಂದ 10 ಸೆಂಟಿಗೆ ಇಳಿಸಿದನು. ಓದುಗನ ಹಣ ತಯಾರಿಕೆಯ ಖರ್ಚಿಗೆ ಸಾಲದಿದ್ದರೂ ಚಿಂತೆಯಿಲ್ಲ. ಪ್ರಸಾರ ಬೆಳೆದರೆ ಜಾಹೀರಾತುದಾರರು ತುಂಬಿಕೊಡುತ್ತಾರೆ ಎಂಬ ಹೊಸ ಸೂತ್ರ ಗೆದ್ದಿತು. ಉಪ್ಪಿನಕಾಯಿಯಾಗಿದ್ದ ಜಾಹೀರಾತು ಅನ್ನವಾಯಿತು. ಪತ್ರಿಕೆಯು ಓದುಗನಿಗೆ ಮಾರುವ ಸರಕಾಗಿದ್ದುದು ಹೋಗಿ, ಓದುಗನೇ ಜಾಹೀರಾತುದಾರನಿಗೆ ಮಾರುವ ಸರಕಾದನು.

'ಪಕ್'ನ ಮುಂದಿನ ಕತೆ ದೀರ್ಘವಲ್ಲ. ಮಗ ಊಡೋ ಕೆಪ್ಲರ್ ತಂದೆಯ ಹೆಸರನ್ನೇ ಧರಿಸಿ ಚಿತ್ರ ಬರೆಯುತ್ತ ಪತ್ರಿಕೆ ನಡೆಸಿದನು. ಅಮೆರಿಕದ ಮೂಲನಿವಾಸಿಗಳ ಪರವಾಗಿ ದುಡಿದು ಸೆನೆಕಾ ಜನರ ಗೌರವಕ್ಕೆ ಪಾತ್ರನಾದನು. 1896ರಲ್ಲಿ ಬನ್ನರ್ ತೀರಿಕೊಂಡನು. 1897ರಲ್ಲಿ ಜರ್ಮನ್ 'ಪಕ್' ನಿಂತಿತು. ಇಂಗ್ಲಿಷ್ ಮಗುವನ್ನು ಎದೆಹಾಲೂಡಿಸಿ ಬೆಳೆಸಿದ ತಾಯಿ ಸದ್ದಿಲ್ಲದೆ ಮರೆಯಾದಳು. ವಲಸಿಗರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗಿ ಇಂಗ್ಲಿಷಿನಲ್ಲೇ ನಗಲು ಕಲಿತಿದ್ದರು. ಮುಂದೆ ಪತ್ರಿಕೆ ಕೆಪ್ಲರ್ ಮನೆತನದ ಕೈತಪ್ಪಿ, ಕೊನೆಗೆ ಪತ್ರಿಕೋದ್ಯಮಿ ಹರ್ಸ್ಟನ ಪಾಲಾಗಿ 1918ರಲ್ಲಿ ಮುಚ್ಚಿತು.

ಕಟ್ಟಡ ಮಾತ್ರ ಇಂದಿಗೂ ನಿಂತಿದೆ. ಮೂಲೆಯಲ್ಲಿ ಹೊಂಬಣ್ಣದ ಯಕ್ಷ ಈಗಲೂ ದಾರಿಹೋಕರಿಗೆ ಕನ್ನಡಿ ಹಿಡಿಯುತ್ತಾನೆ. ಅವನು ಯಾರವನು, ಯಾವ ಭಾಷೆಯಲ್ಲಿ ಮೊದಲು ಮಾತಾಡಿದನು ಎಂದು ಕೇಳಿದರೆ ಹೇಳಬಲ್ಲವರು ವಿರಳ. ಹತ್ತು ಸೆಂಟು ಕೊಟ್ಟು ತಮ್ಮ ಮನೆಮಾತಿನ ಪತ್ರಿಕೆಯನ್ನು ವಾರ ವಾರ ಕೊಂಡ ಆ ಜರ್ಮನ್ ದರ್ಜಿಗಳ, ಬೇಕರಿಯವರ ಹೆಸರು ಯಾವ ಪೀಠದ ಮೇಲೂ ಇಲ್ಲ. ಆದರೆ ಅವರು ಕೊಳ್ಳದೇ ಹೋಗಿದ್ದರೆ ಕೆಪ್ಲರನ ಮೂರನೆಯ ಪತ್ರಿಕೆಯೂ ಮೊದಲಿನ ಎರಡರ ದಾರಿಯನ್ನೇ ಹಿಡಿಯುತ್ತಿತ್ತು. ಹಚ್ಚೆಯ ಮನುಷ್ಯನಾಗಲಿ, ಹಣದ ಚೀಲದ ಧಣಿಗಳಾಗಲಿ, ಗೋಡೆಯ ಮೇಲಿನ ಆ ಬಡ ನೆರಳುಗಳಾಗಲಿ ಕಲ್ಲಿನ ಮೇಲೆ ಮೂಡುತ್ತಿರಲಿಲ್ಲ.